ಬೀಗದ ಕೈಗಳ ಹಲಗೆಯಿಂದ ‘ಫ್ರೀ’ ಪದಕ್ಕೊಂದು ಅಹವಾಲು

ಇಂಗ್ಲಿಷಿನಿಂದ ಬಂದು ನಮ್ಮೆಲ್ಲರ ನಾಲಿಗೆಯ ಮೇಲೆ ಬಾಡಿಗೆಯಿಲ್ಲದೆ ನೆಲೆಸಿರುವ ಮಾನ್ಯ ‘ಫ್ರೀ’ ಪದದವರೇ,

ತಮಗೆ ಎರಡೂ ಕೈ ಜೋಡಿಸಿ ನಮಸ್ಕಾರ. ತಮ್ಮಷ್ಟು ಪುರುಸೊತ್ತಿಲ್ಲದ ಪದ ಇನ್ನೊಂದಿಲ್ಲವೆಂದು ಬಲ್ಲೆನಾದರೂ, ಈ ಬಡಪಾಯಿಯ ಪತ್ರದ ಮೇಲೆ ಒಮ್ಮೆ ಕಣ್ಣಾಡಿಸಬೇಕಾಗಿ ಬೇಡುತ್ತೇನೆ.

ತಮ್ಮ ದುಡಿಮೆಯನ್ನು ಕಣ್ಣಾರೆ ಕಂಡವಳು ನಾನು. ಸೋಪಿನ ಜೊತೆ ಬಾಚಣಿಗೆ ಕೊಡುವ ಅಂಗಡಿಯವನಿಗೆ ತಾವೇ ಬೇಕು. ತೋಳು ಬಿಗಿಯಾಯಿತೆಂದರೆ ‘ಸ್ವಲ್ಪ ಫ್ರೀ ಇಡ್ತೀನಿ’ ಎನ್ನುವ ದರ್ಜಿಗೂ ತಾವೇ. ನಾನು ವಾರ್ಡಿನ ಸಿಸ್ಟರ್ ಆಗಿದ್ದಾಗ ನಮ್ಮ ಮಹಾಗಂಭೀರ ಡಾಕ್ಟರು ಹಾಸಿಗೆ ಹಾಸಿಗೆಯ ಬಳಿ ನಿಂತು ‘ಹೊಟ್ಟೆ ಫ್ರೀ ಆಯ್ತಾ?’ ಎಂದು ವಿಚಾರಿಸುತ್ತಿದ್ದುದೂ ತಮ್ಮ ಕೃಪೆಯಿಂದಲೇ. ಎಲ್ಲರೊಂದಿಗೆ ನಗುನಗುತ್ತ ಮಾತಾಡುವ ಹುಡುಗನಿಗೆ ತಮ್ಮನ್ನು ಅಂಟಿಸಿದರೆ ಹೊಗಳಿಕೆ, ಹುಡುಗಿಗೆ ಅಂಟಿಸಿದರೆ ಚಾಡಿ. ಇಷ್ಟೆಲ್ಲ ಕೈಚಳಕವಿರುವ ತಮ್ಮ ಕಣ್ಣು ನನ್ನಂಥವಳ ಮೇಲೇಕೆ ಬಿತ್ತೋ ಕಾಣೆ.

ನಾನು ನಿವೃತ್ತಳಾದ ಮರುದಿನವೇ ಸೊಸೆ ಪಕ್ಕದ ಮನೆಯವರಿಗೆ ‘ಅತ್ತೆ ಇನ್ಮೇಲೆ ಫ್ರೀ’ ಎಂದಳು. ಪಾಪ, ಹೆಮ್ಮೆಯಿಂದಲೇ ಅಂದದ್ದು. ಸಂಜೆಯೊಳಗೆ ಆ ಮನೆಯ ಬೀಗದ ಕೈ ನಮ್ಮಲ್ಲಿಗೆ ಬಂತು. ಸ್ವಲ್ಪ ದಿನಕ್ಕೆ ಇಡೀ ಕಟ್ಟಡದ್ದೂ ಬಂತು. ಮಗ ಅಕ್ಕರೆಯಿಂದ ಹಲಗೆಯೊಂದಕ್ಕೆ ಮೊಳೆ ಹೊಡೆದು, ಬಾಗಿಲ ಹಿಂದೆ ತೂಗುಹಾಕಿದ. ಅಂದಿನಿಂದ ಆಫೀಸಿನಿಂದ ಬರುವವರು, ನಲ್ಲಿ ರಿಪೇರಿಯವನು, ಪಾರ್ಸೆಲ್ಲಿನವನು, ಎಲ್ಲರೂ ಒತ್ತುವುದು ನನ್ನ ಕರೆಗಂಟೆಯನ್ನೇ. ಆಸ್ಪತ್ರೆಯಲ್ಲಿ ವಾರಕ್ಕೊಂದು ರಜೆಯಾದರೂ ಇತ್ತು, ತಾವು ಬಂದಮೇಲೆ ಅದೂ ಹೋಯಿತು.

ವಿಷಯಕ್ಕೆ ಬರುತ್ತೇನೆ. ಜೀವಮಾನವೆಲ್ಲ ನಿಂತೇ ಸವೆಸಿದ ನನ್ನ ಮಂಡಿಗಳಿಗೆ ಮೂಳೆ ಡಾಕ್ಟರು ಈಜುಕೊಳ ಬರೆದುಕೊಟ್ಟಿದ್ದಾರೆ. ನೀರಿಗಿಳಿಯದಿದ್ದರೆ ಇನ್ನು ಮೆಟ್ಟಿಲಿಳಿಯುವುದೂ ಅನುಮಾನವಂತೆ. ಹೆಂಗಸರಿಗೆ ಅಲ್ಲಿರುವ ಸಮಯ ಸಂಜೆ ಐದರಿಂದ ಆರು. ಕಟ್ಟಡದವರೆಲ್ಲ ಬೀಗದ ಕೈ ಕೇಳಿಕೊಂಡು ಬರುವುದೂ ಆಗಲೇ. ಮನೆಯವರೆಲ್ಲ ಕೂತು ಚರ್ಚಿಸಿದ ಮೇಲೆ ಮಗ ಬಲು ಸಮಾಧಾನದಿಂದ, ‘ಅಮ್ಮ, ನೀನು ಹೇಗೂ ಫ್ರೀ ತಾನೆ, ಯಾವಾಗ ಬೇಕಾದ್ರೂ ಹೋಗ್ಬಹುದು’ ಎಂದ. ನನಗೆ ಅಳುವೇ ಬಂತು.

ಆದಕಾರಣ ತಾವು ದಯಮಾಡಿ ಸಂಜೆ ಹೊತ್ತು ನಮ್ಮ ಮನೆಗೆ ಬಂದು ನನ್ನ ಕುರ್ಚಿಯಲ್ಲಿ ಕುಳಿತು ಬೀಗದ ಕೈ ಹಂಚಬೇಕು. ಅದಾಗದಿದ್ದರೆ ದಿನಕ್ಕೊಂದು ಗಂಟೆ ರಜೆ ಹಾಕಿ, ಯಾರ ಬಾಯಿಗೂ ಸಿಗದಂತೆ ಇರಬೇಕು. ಆ ಹೊತ್ತಿಗೆ ದರ್ಜಿ ಹೇಗೋ ಸುಧಾರಿಸಿಕೊಳ್ಳುತ್ತಾನೆ. ರೋಗಿಗಳ ಹೊಟ್ಟೆಗಳೂ ಆರರವರೆಗೆ ತಡೆದುಕೊಂಡಾವು.

ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ಆಂಟಿ

ತಾ.ಕ.: ತಮ್ಮ ಉತ್ತರಕ್ಕೆ ಕಾಯಲಿಲ್ಲ, ಮನ್ನಿಸಬೇಕು. ಇದನ್ನು ಮುಗಿಸುತ್ತಿರುವುದು ಈಜುಕೊಳದ ಕಟ್ಟೆಯ ಮೇಲೆ. ಈಜು ಕಲಿಸುವಾಕೆ ನನ್ನ ಮಂಡಿ ಹಿಡಿದು, ‘ಕಾಲು ಫ್ರೀ ಬಿಡಿ ಅಮ್ಮ, ನಾನಿದ್ದೀನಿ’ ಎಂದಳು. ಇಷ್ಟು ದಿನಕ್ಕೆ ತಾವು ನನ್ನ ಪರವಾಗಿ ಒಂದು ಮಾತಾಡಿದಿರಿ. ಕಟ್ಟಡದ ಬೀಗದ ಕೈಗಳೆಲ್ಲ, ನಮ್ಮ ಮನೆಯದೂ ಸೇರಿ, ನನ್ನ ಟವೆಲಿನಡಿ ಇವೆ; ನನ್ನ ಫೋನು ಬೀಗ ಹಾಕಿದ ಮನೆಯೊಳಗಿದೆ. ಇಷ್ಟೊತ್ತಿಗೆ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತಿರಬಹುದಾದ ನನ್ನ ಮಗನಿಗೂ ನೆರೆಹೊರೆಯವರಿಗೂ ದಯವಿಟ್ಟು ತಿಳಿಸಿ, ಆರು ಗಂಟೆಯವರೆಗೆ ಅವರೆಲ್ಲ ಫ್ರೀ.