ಯಾರೂ ವಿರೋಧಿಸಲಾಗದ ವಿಷಯ ಕೊಟ್ಟ ಸಮಿತಿಯವರಿಗೆ

ಮಾನ್ಯರೇ,

ಅಂತರಶಾಲಾ ಚರ್ಚಾಸ್ಪರ್ಧೆಯ ವಿಷಯ ನಿರ್ಣಯ ಸಮಿತಿಯ ಅಧ್ಯಕ್ಷರಿಗೂ, ಮಾತನಾಡಿದ ಸದಸ್ಯರಿಗೂ, ಮಾತನಾಡಲು ಸಂದು ಸಿಗದೆ ಬಿಸ್ಕತ್ತು ತಿಂದು ಮುಗಿಸಿದ ಸದಸ್ಯರಿಗೂ, ತಮ್ಮ ಸಭೆಯ ಕೊನೆಯ ಬೆಂಚಿನಲ್ಲಿ ವೀಕ್ಷಕನಾಗಿ ಕುಳಿತಿದ್ದ ಭೂಗೋಳದ ಮೇಷ್ಟರ ಸಾವಿರ ನಮಸ್ಕಾರಗಳು. ವಿದೇಶಿ ನೆರವಿನ ಕುರಿತು ತಾವು ರೂಪಿಸಿದ ವಿಷಯವನ್ನು ನಮ್ಮ ಶಾಲೆಯ ಸೂಚನಾ ಫಲಕದಲ್ಲಿ ಬರೆಸಿದ್ದೇವೆ; ಫಲಕ ಸಾಲದೆ ಪಕ್ಕದ ಗೋಡೆಯನ್ನೂ ಬಳಸಿಕೊಂಡಿದ್ದೇವೆ.

ಬೆಳಿಗ್ಗೆ ಸಭೆ ಶುರುವಾದಾಗ ಆ ವಾಕ್ಯ ಎಷ್ಟು ಬಡಪಾಯಿಯಾಗಿತ್ತೆಂಬುದು ತಮಗೆ ನೆನಪಿರಬಹುದು: ‘ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡುವ ನೆರವನ್ನು ದುಪ್ಪಟ್ಟು ಮಾಡಬೇಕು.’ ‘ಬಡ’ ಎಂದರೆ ಕೆಲವರ ಮನಸ್ಸಿಗೆ ನೋವಾದೀತು ಎಂದು ವಕೀಲರು ಹೇಳಿದರು. ‘ಶ್ರೀಮಂತ’ ಎಂದರೆ ಉಳಿದವರಿಗೆ ನೋವಾದೀತು ಎಂದು ಬ್ಯಾಂಕಿನವರು ಹೇಳಿದರು. ನಿವೃತ್ತ ಪ್ರಾಂಶುಪಾಲರು ಕನ್ನಡಕ ತೆಗೆದು, “ಈ ‘ಬೇಕು’ ಅನ್ನೋದು ಸ್ವಲ್ಪ ಜೋರಾಯ್ತೇನೋ” ಎಂದರು. ಹೀಗೆ ಕಿತ್ತ ಪ್ರತಿ ಪದದ ಜಾಗದಲ್ಲೂ ತಾವು ಒಂದೊಂದು ‘ಸೂಕ್ತ’ ನೆಟ್ಟು, ಸಂಜೆಯ ಕಾಫಿಯ ಹೊತ್ತಿಗೆ ಈ ಫಸಲು ತೆಗೆದಿರಿ: ‘ಸೂಕ್ತ ದೇಶಗಳು ಸೂಕ್ತ ದೇಶಗಳಿಗೆ ಸೂಕ್ತ ಸಂದರ್ಭದಲ್ಲಿ ಸೂಕ್ತ ನೆರವು ನೀಡುವತ್ತ ಸೂಕ್ತ ಗಮನ ಹರಿಸುವುದು ಅಪೇಕ್ಷಣೀಯ.’

ಅಬ್ಬಬ್ಬಾ! ಅಡ್ಡಗೋಡೆಯ ಮೇಲೆ ದೀಪ ಇಡುವವರನ್ನು ನಾನು ಕಂಡಿದ್ದೇನೆ. ತಾವು ದೀಪವನ್ನು ಆರಿಸಿ ಇಟ್ಟಿದ್ದೀರಿ. ಮದುವೆಯಾದಂದಿನಿಂದ ನನ್ನ ತಾಯಿಯೂ ಹೆಂಡತಿಯೂ ಸಾರಿನ ಉಪ್ಪಿನ ಬಗ್ಗೆ ಕೂಡ ಒಮ್ಮತಕ್ಕೆ ಬಂದವರಲ್ಲ. ಅವರಿಗೆ ತಮ್ಮ ವಾಕ್ಯ ಓದಿ ಹೇಳಿದಾಗ ಇಬ್ಬರೂ ಒಂದೇ ಉಸಿರಿಗೆ “ಸರಿಯಾಗೇ ಇದೆಯಲ್ಲ, ಇದರಲ್ಲಿ ಜಗಳ ಆಡೋದೇನಿದೆ?” ಎಂದರು. ನನ್ನ ಮನೆಗೆ ಅರ್ಧ ಗಂಟೆಯ ಶಾಂತಿ ದಯಪಾಲಿಸಿದ್ದಕ್ಕೆ ತಮಗೆ ಋಣಿಯಾಗಿದ್ದೇನೆ.

ಆದರೆ ಮಾನ್ಯರೇ, ಚೀಟಿ ಎತ್ತಿದಾಗ ನಮ್ಮ ಶಾಲೆಗೆ ಬಂದದ್ದು ವಿರೋಧ ಪಕ್ಷ. ಶನಿವಾರ ವೇದಿಕೆ ಹತ್ತಬೇಕಾದವಳು ನಮ್ಮ ಗುಂಡುಸೂಜಿ. ಚುಚ್ಚುವಂಥ ಪ್ರಶ್ನೆ ಕೇಳುತ್ತಾಳೆಂದು ತರಗತಿಯವರು ಇಟ್ಟ ಹೆಸರು. ವರ್ಷಗಟ್ಟಲೆ ಮೀಸಲು ಸ್ಪರ್ಧಿಯಾಗಿ ಪಕ್ಕದಲ್ಲಿ ಕುಳಿತು ಬೇರೆಯವರಿಗೆ ಚಪ್ಪಾಳೆ ತಟ್ಟಿದ ಹುಡುಗಿಗೆ ಮೊದಲ ಸಲ ಮೈಕು ಸಿಕ್ಕಿದೆ. ಶಾಲೆಯಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಭೂಕಂಪವಾದ ಊರಿನ ಪರಿಹಾರ ಶಿಬಿರದಲ್ಲಿ ಬೆಳೆದ ಅವಳು ವಿದೇಶಿ ನೆರವನ್ನು ಪುಸ್ತಕದಲ್ಲಿ ಓದಿದವಳಲ್ಲ, ಸಾಲಿನಲ್ಲಿ ನಿಂತು ಪಡೆದವಳು. ಹಳೆಯ ವಾಕ್ಯವಿದ್ದಿದ್ದರೆ ಹೇಳಲು ಅವಳ ಬಳಿ ಬೇಕಾದಷ್ಟಿತ್ತು. ಈಗ ವಿಷಯ ಬಿಟ್ಟು ಮಾತನಾಡಿದರೆ ಅಂಕ ಕಡಿತ ಎಂಬ ತಮ್ಮದೇ ನಿಯಮವನ್ನು ಕೈಯಲ್ಲಿ ಹಿಡಿದು, “ಸರ್, ನಾನು ಎದ್ದು ನಿಂತು ‘ಸೂಕ್ತವಲ್ಲದ ನೆರವು ಕೊಡಿ’ ಅಂತ ಬೇಡ್ಕೊಳ್ಲಾ?” ಎಂದು ಕೇಳುತ್ತಾಳೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಈ ವಾಕ್ಯವನ್ನು ಮನಃಪೂರ್ವಕ ವಿರೋಧಿಸುವ ಒಬ್ಬ ಮನುಷ್ಯನನ್ನು ಭೂಮಂಡಲದ ಯಾವ ಮೂಲೆಯಿಂದಾದರೂ ಹುಡುಕಿ, ಶುಕ್ರವಾರದೊಳಗೆ ನಮಗೆ ಕಡ ಕೊಡಿಸಬೇಕು, ಊಟ ಹಾಕಿ, ಕೆಲಸವಾದ ಮೇಲೆ ಜೋಪಾನವಾಗಿ ಹಿಂದಿರುಗಿಸುತ್ತೇವೆ. ಅದು ಕಷ್ಟವೆನಿಸಿದರೆ, ಯಾರಿಗಾದರೂ ಒಂಚೂರು ನೋವಾಗುವಂಥ ಒಂದೇ ಒಂದು ಪದವನ್ನು ವಿಷಯದಲ್ಲಿ ಎಲ್ಲಾದರೂ ಸೇರಿಸಿಕೊಡಬೇಕು.

ಎಷ್ಟು ಸೂಕ್ತವೋ ಅಷ್ಟು ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಕೊನೆಯ ಬೆಂಚಿನ ಭೂಗೋಳದ ಮೇಷ್ಟರು

ಮರೆತಿದ್ದ ಮಾತು: ಈ ಪತ್ರ ಓದಿದ ಗುಂಡುಸೂಜಿ, ತಮ್ಮನ್ನು ಖಾರವಾಗಿ ಬೈದಿದ್ದ ಎರಡು ಸಾಲುಗಳನ್ನು ಹಟ ಹಿಡಿದು ಹೊಡೆದುಹಾಕಿಸಿದಳು. “ಬಿಡಿ ಸರ್, ಪಾಪ, ಅವರೂ ಒಳ್ಳೇ ಮನಸ್ಸಿಂದ್ಲೇ ಮಾಡಿರ್ತಾರೆ. ಸುಡೋ ಬೇಸಿಗೇಲಿ ನಮ್ಮ ಶಿಬಿರಕ್ಕೆ ಯಾವ್ದೋ ದೇಶದವ್ರು ಪೆಟ್ಟಿಗೆಗಟ್ಟಲೆ ಉಣ್ಣೆ ಕೈಗವಸು ಕಳಿಸಿದ್ರಲ್ಲ, ಅವರೂ ಒಳ್ಳೆಯವರೇ. ನಿಮಗೇನು ಬೇಕು ಅಂತ ನಮ್ಮನ್ನ ಕೇಳ್ಲಿಲ್ಲ, ಅಷ್ಟೇ” ಎಂದಳು. ಶನಿವಾರ ಇಷ್ಟನ್ನೇ ಹೇಳಿ ಕುಳಿತುಕೊಳ್ಳುತ್ತಾಳಂತೆ. ವಿಷಯ ಬಿಟ್ಟಳೆಂದು ಅಂಕ ಕಡಿಯುವವರು ದಯವಿಟ್ಟು ಅವಳ ಮುಖ ನೋಡಿಕೊಂಡೇ ಕಡಿಯಬೇಕು.