ಉಂಗುರದ ಬೆರಳಿನ ಬ್ಲೂಸ್

ದುಃಖಪಡುವುದಕ್ಕೆ ದಿನಾ ಎರಡು ತಾಸು ರಿಯಾಜ್ ಮಾಡುವ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಪುಣೆಗೆ ಬನ್ನಿ. ವಾಕಡದಲ್ಲಿ ನಮ್ಮ ಕಾಕಾ ಇದ್ದಾರೆ. ಭೋಸರಿಯ ಕಾರ್ಖಾನೆಯಲ್ಲಿ ದಿನವಿಡೀ ಯಂತ್ರದ ಗೇರುಗಳ ತಪಾಸಣೆ ಮಾಡಿ ಬಂದು, ಚಹಾ ಕುಡಿದು, ಕೋಣೆಯ ಬಾಗಿಲು ಹಾಕಿಕೊಂಡು, ಗಿಟಾರ್ ಎತ್ತಿಕೊಂಡು ದುಃಖಪಡುತ್ತಾರೆ. ಊಟಕ್ಕೆ ಕರೆದರೆ ಆ ಕ್ಷಣವೇ ದುಃಖ ಮುಗಿಯುತ್ತದೆ.

ಮೊದಲು ಹೀಗಿರಲಿಲ್ಲ. ಧಾರವಾಡ ಬಿಟ್ಟು ಇಲ್ಲಿಗೆ ಬಂದಾಗಿನಿಂದ ಅವರು ರಾಕ್ ಬ್ಯಾಂಡಿನ ಗಿಟಾರ್ ವಾದಕ. ಸ್ಪೀಕರಿನ ಮೇಲೆ ಸ್ಟೀಲ್ ಲೋಟ ಇಡುತ್ತಿದ್ದರು. ಲೋಟ ತಾನಾಗಿ ನಡೆದು ಅಂಚಿಗೆ ಬಂದು ಕೆಳಗೆ ಬಿದ್ದರೆ ಸೌಂಡ್ ಸರಿಯಾಗಿದೆ ಎಂದರ್ಥ. ಅವರ ಹೆಂಡತಿ, ನಮ್ಮ ಕಾಕುವಿನ ಅಡುಗೆಮನೆಯಲ್ಲಿ ನೆಗ್ಗದ ಲೋಟವನ್ನು ನಾನು ನೋಡಿಲ್ಲ.

ಅಂಥವರು ಒಂದು ದಿನ ರಾಕ್ ಬಿಟ್ಟೆ, ಒಬ್ಬನೇ ಆಲ್ಬಮ್ ಮಾಡುತ್ತೇನೆ, ಆರು ಹಾಡು, ಬರೀ ಬ್ಲೂಸ್ ಮತ್ತು ಸೋಲ್ ಎಂದು ಘೋಷಿಸಿದರು.

“ಹಂಗಂದ್ರ ಏನ್ರಿ?” ಕಾಕು ಕೇಳಿದರು.

“ಬ್ಲೂಸ್ ಅಂದ್ರ ದುಃಖ. ಸೋಲ್ ಅಂದ್ರ ಆತ್ಮ.”

“ದುಃಖ ಬೇಕಾಗಿದ್ರ ನನ್ನ ಕೇಳಬೇಕಿತ್ತು. ಭಾಳ ವರ್ಷದ್ದು ಸ್ಟಾಕ್ ಅದ.”

ಬ್ಯಾಂಡಿನ ಗೆಳೆಯರು ಬೆರಗಾದರು. ಸ್ವರಗಳನ್ನು ಚೀಲ ಹರಿದಂತೆ ಸುರಿಯುತ್ತಿದ್ದ ಮನುಷ್ಯ ಈಗ ಒಂದು ಸ್ವರ ಹಿಡಿದು, ನಿಂತು, ಯೋಚಿಸಿ, ಆಮೇಲೆ ಇನ್ನೊಂದಕ್ಕೆ ಹೋಗುತ್ತಿದ್ದರು. ಇದು ಪಕ್ವತೆ ಎಂದರು ಗೆಳೆಯರು. ಕಾಕಾ ಗಂಭೀರವಾಗಿ ತಲೆದೂಗಿದರು.

“ಪಕ್ವತೆ ಎಲ್ಲೀದು,” ಕಾಕು ನನ್ನ ಹತ್ತಿರ ಬಂದು ಹೇಳಿದರು. “ಅವರ ಬೆರಳು ಏಳಂಗಿಲ್ಲ.”

ನಿಜ ಅದೇ. ಎಡಗೈಯ ಉಂಗುರದ ಬೆರಳು ಮಡಚಿದರೆ ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬಲಗೈಯಿಂದ ಎಳೆದರೆ ಟಕ್ ಎಂದು ಬಿಚ್ಚುತ್ತಿತ್ತು. ಪೇಪರ್ ಓದುವಾಗ ಟಕ್. ಫೋನಿನಲ್ಲಿ ಮಾತಾಡುವಾಗ ಟಕ್. ಒಮ್ಮೆ ಲಿಫ್ಟಿನಲ್ಲಿ ಟಕ್ ಎಂದಾಗ ಕೆಳಗಿನ ಮನೆಯವರು “ಕಾಕಾ, ಕಾಯ್ ತುಟ್ಲ?” ಎಂದು ಗಾಬರಿಯಿಂದ ಮೇಲೆ ನೋಡಿದ್ದರು, ಮುರಿದದ್ದು ಲಿಫ್ಟೇ ಇರಬೇಕೆಂದು.

ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು: ಸಣ್ಣ ಆಪರೇಷನ್ ಸಾಕು. ಅಲ್ಲಿಯವರೆಗೆ ಗಿಟಾರ್ ಮುಟ್ಟಬೇಡಿ. ಹೀಗೇ ಬಾರಿಸುತ್ತ ಹೋದರೆ ಒಂದು ದಿನ ಎಳೆದರೂ ಬಿಚ್ಚಲಿಕ್ಕಿಲ್ಲ. ಕಾಕಾ ಒಪ್ಪಲಿಲ್ಲ. ಕತ್ತರಿ ಹಾಕಿದ ಮೇಲೆ ಬೆರಳು ತಂತಿಯನ್ನೇ ಮರೆತುಬಿಟ್ಟರೆ? ಆಗ ಮೂರು ಹಾಡು ಮುಗಿದಿದ್ದವು. ಆರೂ ಆಗುವವರೆಗೆ ಬೆರಳನ್ನು ಯಾರ ಕೈಗೂ ಕೊಡುವುದಿಲ್ಲ ಎಂದು ಹಟ ಹಿಡಿದರು. ಅಂದಿನಿಂದ ಆ ಮನೆಯಲ್ಲಿ ಪ್ರತಿ ಟಕ್ಕಿಗೂ ಕಾಕು ತಲೆಯೆತ್ತಿ ನೋಡತೊಡಗಿದರು. ಬಿಚ್ಚಿತೋ, ಇಲ್ಲವೋ?

ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಅವರ ಮಲಗುವ ಕೋಣೆಯಲ್ಲೇ. ಗೋಡೆಗೆ ಗಾದಿಗಳನ್ನು ಒರಗಿಸಿ, ಫ್ಯಾನ್ ಬಂದ್ ಮಾಡಿ, ಲ್ಯಾಪ್‌ಟಾಪ್ ಮುಂದೆ ನನ್ನನ್ನು ಕೂರಿಸುತ್ತಿದ್ದರು. ನಿಯಮ ಒಂದೇ: ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಬರಬೇಕು, ತುಂಡು ಜೋಡಿಸುವಂತಿಲ್ಲ.

“ಎಲ್ಲಾರೂ ಜೋಡಿಸ್ತಾರ ಕಾಕಾ,” ಎಂದೆ.

“ಹಲ್ಲು ಮುರಿದ ಗೇರಿಗೆ ಬೆಸುಗಿ ಹಾಕಿ ಪಾಸ್ ಮಾಡಲೇನು?”

ನಾಲ್ಕನೆಯದು ಸೋಲ್ ಹಾಡು, ಅದಕ್ಕೆ ಅವರೇ ಹಾಡಲೂಬೇಕಿತ್ತು. ಹಸಿದ ಹೊಟ್ಟೆಯಿಂದಲೇ ಆತ್ಮ ಮಾತಾಡುವುದೆಂದು ಏಕಾದಶಿಯ ದಿನ ಗೊತ್ತುಮಾಡಿದರು. ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಮತ್ತೆ ಖಿಚಡಿ. ಮೈಕಿನ ಮುಂದೆ ನಿಂತಾಗ ಆತ್ಮ ಮೊದಲು ತೇಗಿತು. ಆ ತೇಗು ಈಗಲೂ ಹಾಡಿನಲ್ಲಿದೆ. ತೆಗೆಯಬೇಡ, ಅದು ಒಳಗಿನಿಂದ ಬಂದದ್ದು ಎಂದರು!

ಐದನೆಯದು ಹೇಗೋ ದಾಟಿತು. ಆರನೆಯದರಲ್ಲಿ ಸಂಕಟವಿತ್ತು. ಪ್ರತಿ ಸುತ್ತಿನ ಕೊನೆಗೆ ಅದೇ ಉಂಗುರದ ಬೆರಳಿನಿಂದ ತಂತಿಯನ್ನು ಮೇಲಕ್ಕೆ ತಳ್ಳಿ, ಸ್ವರವನ್ನು ಬಗ್ಗಿಸಿ ಹಿಡಿಯಬೇಕು. ಒಂದು ಭಾನುವಾರ ಮುಂಜಾನೆ ಶುರುಮಾಡಿದೆವು. ಸ್ವರ ಏರಿತು, ಬಗ್ಗಿತು, ಅಲ್ಲೇ ನಿಂತಿತು. ಬೆರಳು ಸಿಕ್ಕಿಕೊಂಡಿತ್ತು. ಬಿಡಿಸಲು ಬಲಗೈ ಎತ್ತಿದರೆ ಮೀಟುವವರು ಯಾರು? ಹಾಡು ಅಲ್ಲಿಗೇ ಮುರಿಯಿತು. ಟಕ್. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ. ಮಧ್ಯಾಹ್ನದ ಹೊತ್ತಿಗೆ ಟಕ್ ಎನ್ನುವುದಕ್ಕೇ ತಡವಾಗತೊಡಗಿತು. ಒಂದು ಸಲವಂತೂ ಎಳೆದರು, ತಿಕ್ಕಿದರು, ಹಲ್ಲು ಕಚ್ಚಿ ಎಳೆದರು. ಬೆರಳು ಬಿಚ್ಚಲೇ ಇಲ್ಲ. ನಾನು ಎದ್ದು ನಿಂತೆ. ಆಮೇಲೆ ಬಿಚ್ಚಿತು. ಕಾಕಾನ ಮುಖ ಬೆವರಿನಿಂದ ಒದ್ದೆಯಾಗಿತ್ತು.

ಕಾಕು ಬಾಗಿಲಲ್ಲಿದ್ದರು. ನನ್ನ ನೆನಪಿನಲ್ಲಿ ಅವರ ಕೈ ತುಂಬ ಜೋಳದ ಹಿಟ್ಟಿದೆ. ಅದು ಸುಳ್ಳು, ಅಂದು ಊಟ ಹೊರಗಿನಿಂದ ತರಿಸಿದ್ದೆವು. ಬಾಗಿಲಲ್ಲಿ ನಿಂತ ಹೆಂಗಸು ಎಂದ ಕೂಡಲೇ ನೆನಪು ಯಾಕೆ ಕೈಗೆ ಹಿಟ್ಟು ಮೆತ್ತುತ್ತದೋ ತಿಳಿಯದು. ಹಿಟ್ಟು ಒರೆಸಿ ಬರೆಯುತ್ತೇನೆ. ಅವರ ಕೈ ಖಾಲಿ ಇತ್ತು.

“ಸಾಕ್ರಿ.”

“ಇನ್ನೊಂದು ಸಲ.”

“ಮುಂಜಾನಿಂದ ಇದನ್ನ ಕೇಳಾಕತ್ತೀನಿ.”

“ಇದೊಂದು ಆಗಲಿ. ಆಮ್ಯಾಲೆ ಏನರೆ ಆಗಲಿ.”

ಪ್ಲಗ್ ಕೀಳುತ್ತಾರೆ ಎಂದುಕೊಂಡೆ. ಕಾಕು ಸ್ಟೂಲ್ ಎಳೆದುಕೊಂಡು ಬಂದು ಅವರ ಎಡಕ್ಕೆ ಕೂತರು.

“ನೀವು ಬಲಗೈ ಎತ್ತಬ್ಯಾಡ್ರಿ. ಸಿಕ್ಕಾಗ ನಾ ಬಿಡಸ್ತೀನಿ.”

“ಯಾವಾಗ ಅಂತ ಹೆಂಗ ತಿಳೀತದ? ನಿನಗ ತಾಳ ಗೊತ್ತದೇನು?”

“ನಿಮ್ಮ ಮುಖ ಗೊತ್ತದ.”

ನಾನು ಬಟನ್ ಒತ್ತಿದೆ. ಮೊದಲ ಸುತ್ತು. ಸ್ವರ ಏರಿತು, ಬಗ್ಗಿತು, ಸಿಕ್ಕಿತು. ಕಾಕು ಬೆರಳನ್ನು ನೋಡುತ್ತಲೇ ಇರಲಿಲ್ಲ, ಗಂಡನ ಮುಖವನ್ನು ನೋಡುತ್ತಿದ್ದರು. ಸ್ವರ ಗೋಳಾಡುತ್ತ ನಿಂತೇ ಇತ್ತು. ಇನ್ನು ತಡೆಯಲಾಗದು ಎನ್ನುವಾಗ ಅವರು ತಮ್ಮ ಬೆರಳನ್ನು ಆ ಬೆರಳಿನ ಕೆಳಗೆ ತೂರಿಸಿ, ಮೆಲ್ಲಗೆ ಎತ್ತಿದರು. ಟಕ್. ಅಷ್ಟರಲ್ಲಿ ಬಲಗೈ ಮುಂದಿನ ಸ್ವರ ಮೀಟಿ ಆಗಿತ್ತು. ಹಾಡು ಮುರಿಯಲಿಲ್ಲ. ಎರಡನೆಯ ಸುತ್ತು ಬಂತು, ಕಾಕುವಿನ ಬೆರಳೂ ಬಂತು.

ಕೊನೆಯ ಸ್ವರ ಆರಿತು. ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

“ಆಪರೇಷನ್ ಆದ ಮ್ಯಾಲೆ ಇದು ಮತ್ತ ಬರದಿದ್ರ?” ಕಾಕಾ ಕೇಳಿದರು. ನನಗೆ ಗೊತ್ತಿಲ್ಲದ ದನಿ ಅದು. “ನನಗ ಅಂಜಿಕಿ ಬರ್ತದ.”

“ನನಗೂ ಬರ್ತದ್ರಿ,” ಎಂದರು ಕಾಕು. “ನಾಳೆ ಹೋಗೂಣು.”

ಕಾಕಾ ಹೂಂ ಎಂದರು. ಬೆರಳು ಆಗಲೇ ನೆಟ್ಟಗಾಗಿತ್ತು. ಕಾಕು ಅದನ್ನು ಹಿಡಿದುಕೊಂಡೇ ಕೂತಿದ್ದರು.