ತಲಾ ಚಿನ್ನ

ಎಲ್ಲ ಅನರ್ಥಕ್ಕೂ ಕಾರಣ ಒಂದು ಭಾಗಾಕಾರ. ಗಣಿ ಇದ್ದದ್ದು ರಾಯಚೂರು ಸೀಮೆಯಲ್ಲಿ. ಅದರ ಹೆಡ್ಡಾಫೀಸು ಮುಂಬಯಿಯ ಫೋರ್ಟಿನಲ್ಲಿ, ಫ್ಯಾನಿನ ಕೆಳಗೆ. ವರ್ಷದ ಚಿನ್ನವನ್ನು ಆಳುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ‘ತಲಾ ಚಿನ್ನ’ ನಾಚಿಕೆಗೇಡಾಗಿದೆ ಎಂದು ಮ್ಯಾನೇಜರ್ ನಾಡಕರ್ಣಿ ಸಾಹೇಬರಿಗೆ ಒಂದು ಬೆಳಿಗ್ಗೆ ಅನ್ನಿಸಿತು. ಅದನ್ನು ಏರಿಸುವ ವರದಿಯನ್ನು ಸಂಜೆಯೊಳಗೆ ಕೊಟ್ಟರೆ ಬಿ.ಎಸ್ಸಿ. ಬಸವಂತರಾಯನ ನೌಕರಿ ಪರ್ಮನೆಂಟು. ಪರ್ಮನೆಂಟಾದರೆ ಚೆಂಬೂರಿನಲ್ಲಿ ಕಂಪನಿಯ ಖೋಲಿ. ಖೋಲಿ ಸಿಕ್ಕರೆ, ಮದುವೆಯಾದಂದಿನಿಂದ ಕಲಬುರಗಿಯ ತವರಿನಲ್ಲೇ ಕೂತಿರುವ ಇಂದ್ರಾಬಾಯಿ ಮುಂಬಯಿಗೆ ಬರಬಹುದು.

ಬಸವಂತರಾಯ ಮೊದಲು ಸತ್ಯವನ್ನೇ ಬರೆದ. ಆಳುಗಳು ಮುಂಚಿಗಿಂತ ಹೆಚ್ಚು ಕಲ್ಲು ಎತ್ತುತ್ತಿದ್ದಾರೆ. ಕಲ್ಲಿನಲ್ಲೇ ಚಿನ್ನ ಕಡಿಮೆಯಾಗಿದೆ.

ಉಡುಪಿ ಕಡೆಯ ಹೆಡ್‌ಕ್ಲಾರ್ಕು ಅಣ್ಣು ಅದನ್ನೋದಿ ನಕ್ಕ. “ಕಲ್ಲಿಗೆ ಮೆಮೊ ಕೊಡ್ಲಿಕ್ಕೆ ಆಗ್ತದಾ ಮಾರಾಯ? ಜನ ತೆಗಿ.”

“ಯಾರನ್ನ ತೆಗೀಲಿ ಅಣ್ಣು? ಎಲ್ಲಾರೂ ದುಡಿಯೋರೇ ಅದಾರ.”

“ಮನೆಗೆ ಕಳಿಸು ಅಂತ ಯಾರು ಹೇಳಿದ್ದು? ಕಂಟ್ರಾಕ್ಟರನ ಕೈಗೆ ಹಾಕು. ಕೆಲಸ ಅದೇ, ಜನ ಅವರೇ. ನಮ್ಮ ಲೆಕ್ಕದಲ್ಲಿ ಮಾತ್ರ ಇಲ್ಲ.”

ಗಣಿಯೊಳಗಿನ ನೀರೆತ್ತುವವರು ಚಿನ್ನ ಮುಟ್ಟುವುದಿಲ್ಲವಲ್ಲ ಎಂದು ಮೊದಲು ಅವರನ್ನು ಕಳೆದದ್ದಾಯಿತು. ತಲಾ ಚಿನ್ನ ಒಂದಿಷ್ಟು ಏರಿತು. ಸುರಂಗ ಕುಸಿಯದಂತೆ ಮರದ ಕಂಬ ನಿಲ್ಲಿಸುವವರೂ ಮುಟ್ಟುವುದಿಲ್ಲ ಎಂದಳು ಟೈಪಿಸ್ಟ್ ಸೇವಂತಿ, ಕಾಗದದಿಂದ ಕಣ್ಣೆತ್ತದೆ. ಅವರೂ ಹೋದರು. ಕಲ್ಲು ಒಡೆಯುವವರು ಕಲ್ಲನ್ನಷ್ಟೇ ಮುಟ್ಟುತ್ತಾರೆ ಎಂದು ಅಣ್ಣುವೇ ಕಂಡುಹಿಡಿದ. ಸಾರಿನೊಳಗಿನ ಕರಿಬೇವಿನಂತೆ ಎಲ್ಲರನ್ನೂ ತಟ್ಟೆಯಂಚಿಗೆ ಎತ್ತಿಟ್ಟದ್ದಾಯಿತು. ಮೂವರಲ್ಲಿ ಗಣಿಯ ಬಾಯಿ ಕಂಡವರು ಒಬ್ಬರೂ ಇರಲಿಲ್ಲ. ಅದಕ್ಕೇ ಯಾರಿಗೂ ಅನುಮಾನ ಹುಟ್ಟಲಿಲ್ಲ.

ಮಧ್ಯಾಹ್ನದ ಚಹಾ ಬರುವ ಹೊತ್ತಿಗೆ ಗಣಿಯ ಲೆಕ್ಕದಲ್ಲಿ ಉಳಿದವರು ಚಿನ್ನ ಕರಗಿಸುವ ಕೋಣೆಯ ನಾಲ್ಕು ಮಂದಿ. ತಲಾ ಚಿನ್ನ ಆಕಾಶಕ್ಕೆ ಹೋಗಿತ್ತು. ಬಸವಂತರಾಯ ವರದಿಯನ್ನು ಮತ್ತೊಮ್ಮೆ ಓದಿದ. ಸಾಹೇಬರು ಇದನ್ನು ನೋಡಿದರೆ ತನ್ನನ್ನು ಕಿಟಕಿಯಿಂದ ಎಸೆಯುವುದು ಖಂಡಿತ ಎಂದುಕೊಂಡು ಹರಿಯಲು ಹೋದ. ಅಷ್ಟರಲ್ಲಿ ಸೇವಂತಿ ಮೂರು ಪ್ರತಿ ಹೊಡೆದು ಒಳಗೆ ಕೊಟ್ಟೂ ಬಂದಿದ್ದಳು.

ಕರೆ ಬಂತು. ಸಾಹೇಬರು ಎದ್ದು ನಿಂತು ಕೈ ಕುಲುಕಿದರು. ಇಷ್ಟು ಸರಳ ವಿಷಯ ವಿಲಾಯತಿಯಲ್ಲಿ ಕಲಿತವರಿಗೂ ಹೊಳೆದಿರಲಿಲ್ಲವೆಂದು ಕೊಂಡಾಡಿದರು. ಬಸವಂತರಾಯನಿಗೆ ಧೈರ್ಯ ಬಂತು.

“ಸಾಹೇಬ್ರ, ನನ್ನ ಪರ್ಮನೆಂಟ್ ವಿಚಾರ…”

“ಅದನ್ನೇ ಯೋಚಿಸ್ತಿದ್ದೆ. ನೀವು ಹೆಡ್ಡಾಫೀಸನ್ನ ಕೂಡಿಸೋದು ಮರ್ತಿದ್ದೀರಿ. ನೀವೂ ಒಂದು ತಲೆ ಅಲ್ವಾ? ನೀವೇನು ಚಿನ್ನ ಮುಟ್ತೀರಾ?”

“ಇಲ್ರಿ.”

“ನಾಳೆಯಿಂದ ನೀವೂ ಕಂಟ್ರಾಕ್ಟರನ ಕಡೆ. ಅದೇ ಕುರ್ಚಿ, ಅದೇ ಕೆಲಸ.”

“ಮತ್ತ ಖೋಲಿ?”

“ಖೋಲಿ ಲೆಕ್ಕದಲ್ಲಿರೋರಿಗೆ, ಬಸವಂತರಾಯರೇ.” ಸಾಹೇಬರು ವರದಿಯನ್ನು ಅವನತ್ತ ತಳ್ಳಿದರು. “ನಿಮ್ಮನ್ನ ಒಮ್ಮೆ ಕೂಡಿಸಿ, ಒಮ್ಮೆ ಕಳೆದು ನೋಡಿ. ಫರಕು ಎಷ್ಟು ಬರ್ತದೆ?”

ಬಸವಂತರಾಯ ಕಿಸೆಯಿಂದ ಪೆನ್ನು ತೆಗೆದ. ತನ್ನನ್ನು ಕೂಡಿಸಿ ಭಾಗಿಸಿದ, ಕಳೆದು ಭಾಗಿಸಿದ. ಉಳಿದವರೇ ಅಷ್ಟು ಕಡಿಮೆಯಾದ್ದರಿಂದ ಅವನೊಬ್ಬ ಹೋದದ್ದಕ್ಕೇ ತಲಾ ಚಿನ್ನ ಕಾಲುಭಾಗ ಏರಿತು.

“ನೋಡಿದ್ರಾ?” ಎಂದರು ಸಾಹೇಬರು ಅಭಿಮಾನದಿಂದ. “ಇಡೀ ಕಂಪನಿಯಲ್ಲಿ ಒಬ್ಬನೇ ಮನುಷ್ಯ ಇಷ್ಟು ಉತ್ಪಾದನೆ ಹೆಚ್ಚಿಸಿದ್ದು ಇದೇ ಮೊದಲು.”